ಐರ್ಲೆಂಡಿನ ಆಟದ ಜೋಡಿಗಳು

ರನ್ನನ ಗದಾಯುದ್ಧವನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ಹದಿನೆಂಟು ಅಕ್ಷೌಹಿಣಿ ಸೈನ್ಯ ಹದಿನೆಂಟು ದಿನ ಕಾದಾಡಿದ ಮಹಾಯುದ್ಧವನ್ನು ಕವಿ ಹಿಂದಕ್ಕೆ ಸರಿಸಿ, ಉಳಿದ ಇಬ್ಬರನ್ನು ಮುಂದೆ ತಂದು ನಿಲ್ಲಿಸುತ್ತಾನೆ. ಭೀಮ, ದುರ್ಯೋಧನ. ಸೈನ್ಯದ ಲೆಕ್ಕವನ್ನು ನಾವು ಪರೀಕ್ಷೆ ಮುಗಿದ ಮರುದಿನ ಮರೆಯುತ್ತೇವೆ. ಆ ಇಬ್ಬರನ್ನು ಮಾತ್ರ ಮರೆಯುವುದಿಲ್ಲ. ಗುಂಪಿನ ಕಾದಾಟದಲ್ಲಿಯೂ ನಮ್ಮ ಕಣ್ಣು ಹುಡುಕುವುದು ಎದುರುಬದುರು ನಿಂತ ಇಬ್ಬರನ್ನೆ.

ಯೂರೋಪಿನ ಪಶ್ಚಿಮದಂಚಿನ ಐರ್ಲೆಂಡ್ ದೇಶದಲ್ಲಿ ಈ ಕಣ್ಣಿಗೆ ಹಬ್ಬವಾಗುವಂಥ ಎರಡು ಆಟಗಳಿವೆ. ಒಂದು ಗೇಲಿಕ್ ಫುಟ್‌ಬಾಲ್. ಹೆಸರು ಫುಟ್‌ಬಾಲಾದರೂ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬಹುದು, ಕಾಲಿನಿಂದ ಒದೆಯಬಹುದು. ಇನ್ನೊಂದು ಹರ್ಲಿಂಗ್. ಆಶ್ ಎಂಬ ಮರದಿಂದ ಮಾಡಿದ, ತುದಿ ಅಗಲವಾದ ಕೋಲಿನಿಂದ ಸಣ್ಣ ಚರ್ಮದ ಚೆಂಡನ್ನು ಹೊಡೆಯುವ ಆಟ. ಚೆಂಡು ನೆಲದ ಮೇಲೆಯೂ ಹೋಗುತ್ತದೆ, ತಲೆಯ ಮೇಲೆಯೂ ಹಾರುತ್ತದೆ, ಕೋಲೂ ಹಾಗೆಯೆ! ಎರಡು ಆಟಗಳಿಗೂ ಇಂಗ್ಲಿಷಿನ ಎಚ್ ಅಕ್ಷರದಂತಿರುವ ಗೋಲುಕಂಬಗಳು. ಅಡ್ಡಪಟ್ಟಿಯ ಕೆಳಗೆ ಚೆಂಡು ಹೊಕ್ಕರೆ ಗೋಲು, ಅದಕ್ಕೆ ಮೂರು ಅಂಕ. ಮೇಲೆ ಹಾದುಹೋದರೆ ಒಂದಂಕ. ಫುಟ್‌ಬಾಲಿನಲ್ಲಿ 2025ರಿಂದ ದೂರದ ಒದೆತಕ್ಕೆ ಎರಡಂಕ ಕೊಡುವುದೂ ಉಂಟು. ನಾನು ಹೇಳುವ ಪ್ರಸಂಗಗಳಿಗೆ ಅದರ ಗೊಡವೆ ಬೇಕಿಲ್ಲ.

ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದು 1884ರ ನವೆಂಬರ್ 1ರಂದು, ತರ್ಲ್ಸ್ ಎಂಬ ಪಟ್ಟಣದ ಒಂದು ಹೋಟೆಲಿನಲ್ಲಿ. ಅದಕ್ಕೆ ಮುಂದಾದ ಮೈಕೇಲ್ ಕ್ಯೂಸಾಕ್ ವೃತ್ತಿಯಿಂದ ಉಪಾಧ್ಯಾಯ ಎಂಬುದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯಾದರೆ ಕೇಳುಗರು ಕ್ಷಮಿಸಬೇಕು. ಇಲ್ಲಿ ಆಟಗಾರನಿಗೆ ಸಂಬಳವಿಲ್ಲ. ಹಣ ಕೊಟ್ಟು ಅವನನ್ನು ಬೇರೆ ತಂಡಕ್ಕೆ ಕೊಂಡುಕೊಳ್ಳುವ ಪದ್ಧತಿಯಿಲ್ಲ. ಬೆಳೆದ ಊರಿಗೆ, ಆ ಊರಿರುವ ಕೌಂಟಿಗೆ, ಅಂದರೆ ಜಿಲ್ಲೆಗೆ, ಆಡುತ್ತಾನೆ. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡಿ, ಸೋಮವಾರ ಶಾಲೆಗೋ ಹೊಲಕ್ಕೋ ಅಂಗಡಿಗೋ ಹಿಂದಿರುಗುತ್ತಾನೆ. ಹೀಗಾಗಿ ಒಂದು ಕೌಂಟಿಯ ಒಬ್ಬ ಆಟಗಾರನಿಗೆ ನೆರೆಯ ಕೌಂಟಿಯ ಅದೇ ಎದುರಾಳಿ ವರ್ಷವರ್ಷವೂ ಎದುರಾಗುತ್ತಾನೆ. ಹತ್ತು ವರ್ಷ ಒಬ್ಬನನ್ನೆ ಎದುರಿಸಿದವನಿಗೆ ಅವನ ಉಸಿರಿನ ಲಯವೂ ಗೊತ್ತಿರುತ್ತದೆ.

ಒಂದೊಂದು ತಂಡಕ್ಕೆ ಹದಿನೈದು ಜನ. ಗೋಲಿನ ಮುಂದೆ ಒಬ್ಬ, ಅವನ ಮುಂದೆ ಮೂವರು, ಮತ್ತೆ ಮೂವರು, ನಡುವೆ ಇಬ್ಬರು, ಅಲ್ಲಿಂದ ಮುಂದಕ್ಕೆ ಮತ್ತೆ ಮೂವರು ಮೂವರು. ಎರಡು ತಂಡಗಳೂ ಹೀಗೆ ನಿಂತಾಗ, ಗೋಲು ಕಾಯುವ ಇಬ್ಬರನ್ನು ಬಿಟ್ಟರೆ, ಉಳಿದ ಪ್ರತಿಯೊಬ್ಬನಿಗೂ ಎದುರು ತಂಡದ ಒಬ್ಬ ಜೋಡಿಯಾಗುತ್ತಾನೆ. ನಮ್ಮ ದಸರಾ ಕುಸ್ತಿಗೆ ಜೋಡಿ ಕಟ್ಟುವುದಿಲ್ಲವೆ, ಹಾಗೆ ಹದಿನಾಲ್ಕು ಜೋಡಿ ಒಂದೇ ಬಯಲಿನಲ್ಲಿ! ಚೆಂಡು ನೂರು ಗಜ ದೂರವಿದ್ದರೂ ಗೋಲಿನ ಮೂಲೆಯಲ್ಲಿ ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಕಾಯುವವನಿಗೆ ಯಾವಾಗಲೂ ಒಂದು ಸಂದಿಗ್ಧ. ಮುಂದೆ ನಿಂತರೆ ಚೆಂಡು ತಲೆಯ ಮೇಲೆ ಹಾರಿ ಬೆನ್ನ ಹಿಂದಿನವನಿಗೆ ಸಿಕ್ಕೀತು. ಹಿಂದೆ ನಿಂತರೆ ಮುಂದಿನವನೆ ಮೊದಲು ಹಿಡಿದಾನು. ಹೊಡೆಯುವವನು ಗೆದ್ದರೆ ಅಂಕಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ. ತಡೆದವನು ಗೆದ್ದರೆ ಏನೂ ಬರುವುದಿಲ್ಲ; ಇನ್ನೊಬ್ಬನ ಹೆಸರಿನ ಮುಂದೆ ಒಂದು ಸೊನ್ನೆ ಇರುತ್ತದೆ, ಅಷ್ಟೆ. ನಾನು ಇಂದು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಸೊನ್ನೆಯನ್ನು ಸಂಪಾದಿಸಿದವರ ವಿಚಾರ.

ಅದಕ್ಕೆ ಮೊದಲು ಒಂದು ಹಳೆಯ ಕಥೆ. ಐರಿಷ್ ಪುರಾಣದ ವೀರ ಕೂಹುಲಿನ್. ಬಾಲ್ಯದಲ್ಲಿ ಅವನ ಹೆಸರು ಸೆಟಾಂಟ. ಕುಲನ್ ಎಂಬ ಕಮ್ಮಾರನ ಕಾವಲುನಾಯಿ ಮೇಲೆ ಬಿದ್ದಾಗ ಈ ಹುಡುಗ ಕೋಲಿನಿಂದ ಚೆಂಡನ್ನು ಅದರ ಬಾಯಿಗೆ ಹೊಡೆದು ಕೊಂದ. ಕಾವಲಿಗೆ ಇನ್ನಾರೆಂದು ಕಮ್ಮಾರ ಮರುಗಿದಾಗ ತಾನೆ ನಿಲ್ಲುವೆನೆಂದ. ಅಂದಿನಿಂದ ಅವನು ಕೂಹುಲಿನ್, ಕುಲನ್ನನ ನಾಯಿ. ಬೆಳೆದ ಮೇಲೆ ಅವನಿಗೆ ಒಂದು ಹೊಳೆಯ ಹಾಯ್ಗಡದಲ್ಲಿ ಎದುರಾದವನು ಫರ್ದಿಯ. ಒಬ್ಬಳೆ ಗುರುವಿನ ಬಳಿ—ಹೌದು, ಅವರ ದ್ರೋಣ ಒಬ್ಬ ಹೆಂಗಸು—ಕೂಡಿ ಕಲಿತ ಗೆಳೆಯ. ಹಗಲೆಲ್ಲ ಕಾದಾಡಿ ಸಂಜೆಯಾದಾಗ ಇಬ್ಬರೂ ಅಪ್ಪಿಕೊಳ್ಳುತ್ತಿದ್ದರು. ಕುದುರೆಗಳು ಒಂದೆ ಕಟ್ಟೆಯಲ್ಲಿ, ಸಾರಥಿಗಳು ಒಂದೆ ಬೆಂಕಿಯ ಸುತ್ತ. ಇವನು ಅವನ ಗಾಯಕ್ಕೆ ಮೂಲಿಕೆ ಕಳಿಸಿದರೆ ಅವನು ಇವನಿಗೆ ಊಟ ಕಳಿಸುತ್ತಿದ್ದ. ಮೂರನೆಯ ರಾತ್ರಿ ಬೇರೆಬೇರೆ ಮಲಗಿದರು. ನಾಲ್ಕನೆಯ ದಿನ ಫರ್ದಿಯ ಸತ್ತ. ಕೊಂದವನೆ ಹೆಣವನ್ನು ಎತ್ತಿ ದಡ ದಾಟಿಸಿ ಅತ್ತ. ಆ ಹಾಯ್ಗಡವಿದ್ದ ಊರು ಇಂದಿಗೂ ಲೌತ್ ಕೌಂಟಿಯಲ್ಲಿ ಅವನ ಹೆಸರಿನಲ್ಲಿಯೆ ಉಳಿದಿದೆ. ಇಂಗ್ಲಿಷಿನವರ ಬಾಯಲ್ಲಿ ಅದು ಆರ್ಡಿ ಎಂದಾಗಿದೆ. ಊರಿಗೆ ಹೆಸರಾದವನು ಸೋತವನು ಎಂಬುದನ್ನು ಗಮನಿಸಬೇಕು.

ಈಗ ಬಯಲಿಗೆ ಬರೋಣ. ಹರ್ಲಿಂಗಿನ ಮಾತೆತ್ತಿದರೆ ಮೊದಲು ಬರುವ ಹೆಸರು ಕ್ರಿಸ್ಟಿ ರಿಂಗ್. ಕಾರ್ಕ್ ಕೌಂಟಿಯ ಕ್ಲಾಯ್ನ್ ಎಂಬ ಹಳ್ಳಿಯಲ್ಲಿ 1920ರಲ್ಲಿ ಹುಟ್ಟಿ, ಲಾರಿ ನಡೆಸಿ ಜೀವಿಸಿದವನು. 1941ರಿಂದ 1954ರ ಒಳಗೆ ಎಂಟು ಅಖಿಲ ಐರ್ಲೆಂಡ್ ಪದಕಗಳನ್ನು ಗೆದ್ದ. ಅವನ ಎದುರು ನಿಲ್ಲುವುದೆಂದರೆ ಎಂಥವನಿಗೂ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲವೇನೊ.

1949ರಲ್ಲಿ ಮನ್‌ಸ್ಟರ್ ಪ್ರಾಂತದ ಪಂದ್ಯದಲ್ಲಿ ಕಾರ್ಕಿಗೂ ಟಿಪ್ಪರರಿಗೂ ಎದುರಾಯಿತು. ಟಿಪ್ಪರರಿಯವರು ರಿಂಗನನ್ನು ಯಾರ ಕೈಗೆ ಒಪ್ಪಿಸಬೇಕೆಂದು ಯೋಚಿಸಿ ಕೊನೆಗೆ ಟಾಮಿ ಡಾಯ್ಲನನ್ನು ಕರೆದರು. ಅವನು ಆಗಲೆ ಆಟಕ್ಕೆ ಶರಣು ಹೊಡೆದು ಮನೆ ಸೇರಿದ್ದವನು; ವಯಸ್ಸು ಮೂವತ್ತು ದಾಟಿತ್ತು. ಮೈ ಬಳುಕುವ ಚಂದಕ್ಕೆ ಜನ ಅವನನ್ನು ರಬ್ಬರ್ ಮನುಷ್ಯ ಎಂದು ಕರೆಯುತ್ತಿದ್ದರು. ಕರೆದಾಗ ಬಂದ. ಒಂದು ಗಂಟೆಯ ಪಂದ್ಯ ಸಮವಾಯಿತು. ಮರುಪಂದ್ಯ, ಅದೂ ಸಮವಾಗಿ ಮತ್ತೆ ಅರ್ಧ ಗಂಟೆ ಹೆಚ್ಚಿಗೆ ಆಡಬೇಕಾಯಿತು. ಒಟ್ಟು ಎರಡೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ಐರ್ಲೆಂಡಿನ ಅತಿ ದೊಡ್ಡ ಹೊಡೆತಗಾರ ಒಂದೇ ಒಂದು ಅಂಕವನ್ನೂ ಗಳಿಸಲಿಲ್ಲ! ಟಿಪ್ಪರರಿ ಗೆದ್ದಿತು, ಅಲ್ಲಿಂದ ಮುಂದೆ ಮೂರು ವರ್ಷ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. ಡಾಯ್ಲನ ಹೆಸರನ್ನು ಇಂದು ಎತ್ತುವವರು ಮೊದಲು ಹೇಳುವ ಮಾತು ಅವನು ಏನು ಮಾಡಿದನೆಂಬುದಲ್ಲ, ರಿಂಗನಿಗೆ ಏನು ಮಾಡಗೊಡಲಿಲ್ಲ ಎಂಬುದು. ಅದು ಅವನ ಕೀರ್ತಿಯೂ ಹೌದು, ರಿಂಗನ ಕೀರ್ತಿಯೂ ಹೌದು. ಸಾಮಾನ್ಯನೊಬ್ಬನನ್ನು ಎರಡೂವರೆ ಗಂಟೆ ತಡೆದಿದ್ದರೆ ಯಾರು ನೆನೆಯುತ್ತಿದ್ದರು?

ಇದಕ್ಕಿಂತ ಹೃದಯಸ್ಪರ್ಶಿಯಾದದ್ದು ವೆಕ್ಸ್‌ಫರ್ಡಿನವರೊಡನೆ ನಡೆದ ಪ್ರಸಂಗ. ವೆಕ್ಸ್‌ಫರ್ಡ್ ಆಗ ಹರ್ಲಿಂಗಿನಲ್ಲಿ ದೊಡ್ಡ ಹೆಸರಲ್ಲ. ಅದನ್ನು ಎತ್ತಿ ನಿಲ್ಲಿಸಿದವರು ರಾಕರ್ಡ್ ಮನೆತನದ ಅಣ್ಣತಮ್ಮಂದಿರು. ಹಿರಿಯ ನಿಕಿ ಗೋಲು ಹೊಡೆಯುವವನು, ತಮ್ಮ ಬಾಬಿ ಗೋಲು ಕಾಯುವ ಸಾಲಿನವನು. 1954ರ ಅಂತಿಮ ಪಂದ್ಯಕ್ಕೆ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಎಂಬತ್ತನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಜನ ನೆರೆದಿದ್ದರು. ಹರ್ಲಿಂಗ್ ಪಂದ್ಯಕ್ಕೆ ಅಷ್ಟು ಜನ ಮತ್ತೆ ಸೇರಿಲ್ಲ. ಆಟದ ನಡುವೆ ವೆಕ್ಸ್‌ಫರ್ಡಿನ ಹಿಂಭಾಗದ ಆಧಾರಸ್ತಂಭ ನಿಕ್ ಓಡಾನೆಲ್ ಕೊರಳೆಲುಬು ಮುರಿದು ಹೊರಗೆ ಹೋದ. ಅವನ ಜಾಗಕ್ಕೆ ಬಾಬಿ ಬಂದು ನಿಂತು ಅದ್ಭುತವಾಗಿ ಆಡಿದರೂ ಕಾರ್ಕ್ ಮೂರಂಕದಿಂದ ಗೆದ್ದಿತು. ರಿಂಗನ ಎಂಟನೆಯ ಪದಕ ಅದೆ.

ಎರಡು ವರ್ಷಗಳ ಮೇಲೆ, 1956ರಲ್ಲಿ, ಅದೇ ಎರಡು ಕೌಂಟಿಗಳು ಅದೇ ಬಯಲಿನಲ್ಲಿ. ಕಾರ್ಕಿನಲ್ಲಿ ಪೋಲಿಯೊ ಹರಡಿದ್ದರಿಂದ ಪಂದ್ಯವನ್ನು ಮುಂದೂಡಿ ಸೆಪ್ಟೆಂಬರ್ 23ರಂದು ಆಡಿಸಿದರು. ರಿಂಗ್ ಒಂಬತ್ತನೆಯ ಪದಕಕ್ಕಾಗಿ ಬಂದಿದ್ದ; ಒಂಬತ್ತನ್ನು ಅದುವರೆಗೆ ಯಾರೂ ಗೆದ್ದಿರಲಿಲ್ಲ. ಅವನ ಜೋಡಿಯಾಗಿ ನಿಂತವನು ಬಾಬಿ ರಾಕರ್ಡ್. ಕೊನೆಯ ಕೆಲವೆ ನಿಮಿಷಗಳು ಉಳಿದಿದ್ದಾಗ ಒಮ್ಮೆ ರಿಂಗ್ ಕಾವಲು ತಪ್ಪಿಸಿಕೊಂಡು ಗೋಲಿನತ್ತ ಚೆಂಡನ್ನು ಬೀಸಿಹೊಡೆದ. ಅದು ಗೋಲಾಗಿದ್ದರೆ ಆಟವೆ ತಿರುಗಿಹೋಗುತ್ತಿತ್ತು. ಗೋಲು ಕಾಯುತ್ತಿದ್ದ ಆರ್ಟ್ ಫೋಲಿ ಚಿಕ್ಕ ಮೈಕಟ್ಟಿನವನು. ಹೇಗೋ ಕೈಚಾಚಿ ತಡೆದುಬಿಟ್ಟ. ಓಡಿಬಂದ ರಿಂಗ್ ಏನು ಮಾಡಿದ ಗೊತ್ತೆ? ಫೋಲಿಯ ಕೈ ಕುಲುಕಿದ. ಪಂದ್ಯ ಇನ್ನೂ ನಡೆಯುತ್ತಿತ್ತು! ಚೆಂಡು ಅತ್ತ ಕಡೆಗೆ ಹೋಗಿ ನಿಕಿ ರಾಕರ್ಡ್ ಗೋಲು ಹೊಡೆದ. ವೆಕ್ಸ್‌ಫರ್ಡ್ ಇಪ್ಪತ್ತು, ಕಾರ್ಕ್ ಹದಿನಾಲ್ಕು.

ಸೀಟಿ ಊದಿದ ಮೇಲೆ ಬಾಬಿ ರಾಕರ್ಡ್, ನಿಕ್ ಓಡಾನೆಲ್ ಇಬ್ಬರೂ ತಮ್ಮ ನಾಯಕನನ್ನು ಹುಡುಕಲಿಲ್ಲ. ಸೋತ ರಿಂಗನ ಬಳಿಗೆ ಹೋಗಿ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಬಯಲಿನಿಂದ ಹೊರಗೆ ನಡೆದರು. ಓಡಾನೆಲ್ ಎಂದರೆ ಎರಡು ವರ್ಷದ ಹಿಂದೆ ಇವನ ತಂಡದೆದುರೆ ಎಲುಬು ಮುರಿದುಕೊಂಡವನು. ಬಾಬಿ ಎಂದರೆ ಆ ದಿನವೆಲ್ಲ ಇವನನ್ನು ನೆರಳಿನಂತೆ ಬೆನ್ನಟ್ಟಿ ತಡೆದವನು. ಹೆಗಲ ಮೇಲೆ ಕುಳಿತ ರಿಂಗನ ಮನಸ್ಸಿನಲ್ಲಿ ಏನಿತ್ತೋ! ಒಂಬತ್ತನೆಯ ಪದಕ ಅವನಿಗೆ ಎಂದೂ ಸಿಕ್ಕಲಿಲ್ಲ. ಬಾಬಿಗೂ ಹೆಚ್ಚು ದಿನ ಆಟ ಉಳಿಯಲಿಲ್ಲ. ಮರುವರ್ಷ ಹೊಲದಲ್ಲಿ ಆದ ಅಪಘಾತದಿಂದ ಅವನು ಕೋಲನ್ನು ಕೆಳಗಿಡಬೇಕಾಯಿತು.

ಇಷ್ಟು ಜೋಡಿಗಳ ಹೆಸರು ದೇಶದ ಮೂಲೆಮೂಲೆಗೆ ಹೇಗೆ ಮುಟ್ಟಿತು ಎಂದು ಕೇಳಿದರೆ ಉತ್ತರ ನಿಮ್ಮ ಮನೆಯ ಗೂಡಿನಲ್ಲಿಯೆ ಇದೆ. ಡಬ್ಲಿನ್ ಬಾನುಲಿ ನಿಲಯ 1926ರಷ್ಟು ಹಿಂದೆಯೆ ಹರ್ಲಿಂಗ್ ಪಂದ್ಯವೊಂದನ್ನು ಬಯಲಿನಿಂದ ನೇರವಾಗಿ ವರ್ಣಿಸಿ ಬಿತ್ತರಿಸಿತು. 1938ರಿಂದ ಮೈಕಲ್ ಓಹೆಹಿರ್ ಎಂಬವನ ದನಿ ಭಾನುವಾರದ ದನಿಯಾಯಿತು. 1947ರಲ್ಲಿ ಫುಟ್‌ಬಾಲಿನ ಅಂತಿಮ ಪಂದ್ಯವನ್ನು ಅಮೆರಿಕದ ನ್ಯೂಯಾರ್ಕಿನಲ್ಲಿ ಆಡಿಸಿದಾಗ, ಗೊತ್ತುಮಾಡಿದ್ದ ವೇಳೆ ಮುಗಿಯುತ್ತ ಬಂದರೂ ಆಟ ಮುಗಿದಿರಲಿಲ್ಲ. ತಂತಿ ಕಡಿಯಬೇಡಿ, ಇನ್ನೈದು ನಿಮಿಷ ಕೊಡಿ ಎಂದು ಅವನು ವರ್ಣನೆಯ ನಡುವೆಯೆ ಬೇಡಿಕೊಂಡ. ಕೊಟ್ಟರು. ರೇಡಿಯೋದ ಮುಂದೆ ಕುಳಿತವನಿಗೆ ಮೂವತ್ತು ಜನ ಕಾಣುವುದಿಲ್ಲ. ಚೆಂಡು ಹಿಡಿದವನೊಬ್ಬ, ಅವನ ಮೇಲೆ ಬೀಳುವವನೊಬ್ಬ, ಇಬ್ಬರೆ ಕಾಣುವುದು.

ಫುಟ್‌ಬಾಲಿನಲ್ಲಿ ಜೋಡಿಯ ಲೆಕ್ಕವನ್ನೆ ಕೆಡಿಸಿ ಹೆಸರಾದವನು ಡಬ್ಲಿನ್ನಿನ ಕೆವಿನ್ ಹೆಫರ್ನನ್. 1955ರಲ್ಲಿ ಲೈನ್‌ಸ್ಟರ್ ಪ್ರಾಂತದ ಅಂತಿಮ ಪಂದ್ಯದಲ್ಲಿ ಅವನ ಎದುರು ಮೀತ್ ಕೌಂಟಿಯ ಪ್ಯಾಡಿ ಓಬ್ರಿಯನ್, ಗೋಲಿನ ಮುಂದೆ ಬಂಡೆಯಂತೆ ನಿಲ್ಲುವವನು. ಮೀತ್ ಹಿಂದಿನ ವರ್ಷವಷ್ಟೆ ಅಖಿಲ ಐರ್ಲೆಂಡ್ ಗೆದ್ದಿತ್ತು. ಹೆಫರ್ನನ್ ಬಂಡೆಯನ್ನು ಗುದ್ದಲಿಲ್ಲ. ತನ್ನ ಸ್ಥಳವನ್ನು ಬಿಟ್ಟು ಅತ್ತಿತ್ತ ಅಲೆಯತೊಡಗಿದ. ಓಬ್ರಿಯನ್ನನಿಗೆ ಧರ್ಮಸಂಕಟ, ಹಿಂದೆ ಹೋದರೆ ಬಾಗಿಲು ತೆರೆದಂತೆ, ನಿಂತರೆ ಹೆಫರ್ನನ್ ಒಂಟಿಯಾಗಿ ಚೆಂಡು ಹಿಡಿದಂತೆ. ಡಬ್ಲಿನ್ ಐದು ಗೋಲು ಹೊಡೆಯಿತು, ಇಪ್ಪತ್ತೇಳಕ್ಕೆ ಏಳು!

ಆದರೆ ಅಂತಿಮ ಪಂದ್ಯದಲ್ಲಿ ಕೆರ್ರಿಯವರು ನೆಡ್ ರೋಚ್ ಎಂಬವನನ್ನು ಇವನ ಎದುರು ನಿಲ್ಲಿಸಿದರು. ಎಂಬತ್ತೇಳು ಸಾವಿರ ಜನ ಹೊಸ ಚಾತುರ್ಯವನ್ನು ನೋಡಲು ಬಂದಿದ್ದರು. ರೋಚ್ ಮರುಳಾಗಲಿಲ್ಲ. ಹೆಫರ್ನನ್ನನ ಆಟ ನಡೆಯಲಿಲ್ಲ. ಕೆರ್ರಿ ಹನ್ನೆರಡಕ್ಕೆ ಒಂಬತ್ತರಿಂದ ಗೆದ್ದಿತು. ಹೆಫರ್ನನ್ 1958ರಲ್ಲಿ ನಾಯಕನಾಗಿ ಪ್ರಶಸ್ತಿಯನ್ನು ಗೆದ್ದರೂ ಆ ಗಾಯ ಮಾಯಲಿಲ್ಲವೆಂದು ಅವನನ್ನು ಬಲ್ಲವರು ಹೇಳುತ್ತಾರೆ. ಡಬ್ಲಿನ್ ತಂಡಕ್ಕೆ ಗುರುವಾಗಿ ಬಂದು 1974ರಲ್ಲಿ ಗೆಲ್ಲಿಸಿದ. 1976ರ ಅಂತಿಮ ಪಂದ್ಯದಲ್ಲಿ ಕೆರ್ರಿಯನ್ನೆ ಸೋಲಿಸಿದ. ಇಪ್ಪತ್ತೊಂದು ವರ್ಷ! ಸೇಡು ಎನ್ನಲು ನನಗೆ ಮನಸ್ಸಿಲ್ಲ. ತೀರಿಸದ ಸಾಲ ಎನ್ನಬಹುದು.

ಕೆರ್ರಿಯವರು ಬಡ್ಡಿಸಹಿತ ಹಿಂದಕ್ಕೆ ಪಡೆದದ್ದು 1978ರಲ್ಲಿ. ಡಬ್ಲಿನ್ನಿನ ಗೋಲು ಕಾಯುವ ಪ್ಯಾಡಿ ಕಲನ್ ತನ್ನ ವಿರುದ್ಧ ಕೊಟ್ಟ ತಪ್ಪನ್ನು ಒಪ್ಪದೆ, ಗೋಲು ಬಿಟ್ಟು ಮುಂದೆ ಬಂದು ತೀರ್ಪುಗಾರನೊಡನೆ ವಾದಿಸುತ್ತಿದ್ದ. ಡಬ್ಲಿನ್ನಿನವನೆ ಆದ ಒಬ್ಬ ಆಟಗಾರ ಸೌಜನ್ಯದಿಂದ ಚೆಂಡನ್ನು ಕೆರ್ರಿಯ ಮೈಕಿ ಶೀಹಿಯ ಕೈಗೆ ಕೊಟ್ಟ. ಶೀಹಿ ಕ್ಷಣವೂ ತಡೆಯದೆ ಕಲನ್ನನ ತಲೆಯ ಮೇಲಿಂದ ಖಾಲಿ ಗೋಲಿಗೆ ಒದ್ದುಬಿಟ್ಟ. ಕಲನ್ ಹಿಂದುಹಿಂದಕ್ಕೆ ಓಡಿ ಬಲೆಯೊಳಗೆ ಬಿದ್ದದ್ದನ್ನು ಆ ದೇಶ ಇನ್ನೂ ನೆನೆದು ನಗುತ್ತದೆ. ವಾದದಲ್ಲಿ ತೊಡಗಿದ ಹುಡುಗರಿಗೆ ತರಗತಿಯಲ್ಲಿ ಹೇಳಬಹುದಾದ ಕಥೆ.

ಇತ್ತೀಚಿನ ಕಾಲದ ಎರಡು ಜೋಡಿಗಳನ್ನು ಹೇಳುತ್ತೇನೆ. ಒಂದು ಪ್ರಹಸನ, ಒಂದು ಕಹಿ.

2010ರ ಹರ್ಲಿಂಗ್ ಅಂತಿಮ ಪಂದ್ಯದಲ್ಲಿ ಟಿಪ್ಪರರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದು, ಸತತ ಐದನೆಯ ಪ್ರಶಸ್ತಿಗೆ ಹೊರಟಿದ್ದ ಕಿಲ್ಕೆನಿಯನ್ನು ತಡೆದ. ಮರುವರ್ಷ ಕಿಲ್ಕೆನಿಯವರು ಜಾಕಿ ಟಿರೆಲ್‌ನನ್ನು ಅವನಿಗೆ ಅಂಟಿಸಿದರು, ಕಾರ್ಬೆಟ್ ಸೊನ್ನೆ. 2012ರ ಉಪಾಂತ್ಯದಲ್ಲಿ ಟಿಪ್ಪರರಿಯವರು ಒಂದು ವಿಚಿತ್ರ ಉಪಾಯ ಹೂಡಿದರು. ಅಂಕ ಗಳಿಸಬೇಕಾದ ಕಾರ್ಬೆಟ್ಟೆ ಕಿಲ್ಕೆನಿಯ ಕಾವಲುಗಾರ ಟಾಮಿ ವಾಲ್ಷನ ಬೆನ್ನು ಹತ್ತಿದ. ಟಿರೆಲ್ ಕಾರ್ಬೆಟ್ಟನನ್ನು ಬಿಡುವವನಲ್ಲ, ಅವನೂ ಹಿಂದೆ ಬಂದ. ಟಿರೆಲ್ಲನ ಹಿಂದೆ ಟಿಪ್ಪರರಿಯ ಪಾ ಬರ್ಕ್. ಚೆಂಡು ಎಲ್ಲೋ ಇದ್ದರೆ ನಾಲ್ವರು ಕಣ್ಣಾಮುಚ್ಚಾಲೆಯವರಂತೆ ಒಬ್ಬರ ಹಿಂದೊಬ್ಬರು ಸುತ್ತುತ್ತಿದ್ದರು. ಕಿಲ್ಕೆನಿ ಮೂವತ್ತಾರು, ಟಿಪ್ಪರರಿ ಹದಿನೆಂಟು, ಸರಿಯಾಗಿ ಇಮ್ಮಡಿ. ತಡೆಯುವವನನ್ನು ತಡೆಯಹೋಗಿ ತನ್ನ ಕಸುಬನ್ನೆ ಮರೆತರೆ ಇನ್ನೇನಾದೀತು?

ಇನ್ನೊಂದು ಫುಟ್‌ಬಾಲಿನದು. ಮೇಯೋ ಕೌಂಟಿ 1951ರ ಈಚೆಗೆ ಅಖಿಲ ಐರ್ಲೆಂಡ್ ಗೆದ್ದಿಲ್ಲ. ಅದರ ಲೀ ಕೀಗನ್ ತಡೆಯುವವನು. ಡಬ್ಲಿನ್ನಿನ ಡೀರ್ಮಿಡ್ ಕಾನಲಿ ಎರಡು ಕಾಲಿನಿಂದಲೂ ಒದೆಯಬಲ್ಲ ಸೊಗಸುಗಾರ. 2015ರ ಉಪಾಂತ್ಯದ ಕೊನೆಯ ಗಳಿಗೆಯಲ್ಲಿ ಇಬ್ಬರೂ ನೆಲದಲ್ಲಿ ಹೊರಳಾಡಿ ಕಾನಲಿಗೆ ಕೆಂಪು ಚೀಟಿ ಸಿಕ್ಕಿತು. ಮೇಲ್ಮನವಿಯ ಮೇಲೆ ಮೇಲ್ಮನವಿ ಹೋಗಿ, ಮರುಪಂದ್ಯದ ದಿನ ಬೆಳಗಿನ ಜಾವಕ್ಕೆ ಶಿಕ್ಷೆ ರದ್ದಾಯಿತು! ಮರುವರ್ಷ, 2016ರ ಅಂತಿಮ ಪಂದ್ಯ ಸಮವಾಗಿ ಅಕ್ಟೋಬರ್ 1ರಂದು ಮತ್ತೆ ಆಡಿದರು. ಕೀಗನ್ ಕಾನಲಿಯನ್ನು ಬಿಟ್ಟು ಮುಂದೆ ನುಗ್ಗಿ ತಾನೆ ಒಂದು ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಕಾನಲಿಯನ್ನು ಹಿಡಿದೆಳೆದು ಕೆಡವಿದ್ದಕ್ಕೆ ಅವನಿಗೆ ಕಪ್ಪು ಚೀಟಿ. ಬೇಕೆಂದೆ ಮಾಡಿದ ಇಂಥ ತಪ್ಪಿಗೆ ಆಗಿನ ನಿಯಮದಂತೆ ಆಟಗಾರ ಹೊರಗೆ ಹೋಗಬೇಕು, ಬೇರೊಬ್ಬ ಬರಬಹುದು. ಕೀಗನ್ ಹೊರಗೆ ಕುಳಿತು ನೋಡುತ್ತಿರುವಾಗ ಡಬ್ಲಿನ್ನಿಗೆ ದಂಡದೊದೆ ಸಿಕ್ಕಿತು. ಒದ್ದವನು ಕಾನಲಿ. ಗೋಲು. ಡಬ್ಲಿನ್ ಒಂದೇ ಒಂದಂಕದಿಂದ ಗೆದ್ದಿತು.

ಅಂಗಿ ಹಿಡಿದು ಜಗ್ಗುವುದನ್ನು ನಾನು ಮೆಚ್ಚಲಾರೆ. ಡಾಯ್ಲನೂ ರಾಕರ್ಡನೂ ಹಾಗೆ ಎಂದೂ ಮಾಡಲಿಲ್ಲವೆಂದು ಪ್ರಮಾಣ ಮಾಡಲಾರೆ. ಆಗ ಪ್ರತಿ ಮೂಲೆಯಲ್ಲೂ ಕ್ಯಾಮರಾ ಇರಲಿಲ್ಲ. ಆದರೂ ಆ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನೆಂದು ಆರಿಸಿದ್ದು ಗೆದ್ದ ಡಬ್ಲಿನ್ನಿನವರನ್ನಲ್ಲ, ಸೋತ ಕೀಗನ್ನನನ್ನು. ಪದಕವಿಲ್ಲದೆಯೆ ಅವನು 2023ರಲ್ಲಿ ಕೌಂಟಿಯ ಆಟದಿಂದ ನಿವೃತ್ತನಾದ.

ಇನ್ನು ಒಂದು ಚಿತ್ರದ ಮಾತು ಹೇಳಿ ಮುಗಿಸುತ್ತೇನೆ. ಲಿಮರಿಕ್ ಕೌಂಟಿಯ ಮಿಕ್ ಮ್ಯಾಕಿ ರಿಂಗನಿಗಿಂತ ಹಿರಿಯ. ಅವನಿಗಿಂತ ಹಿಂದಿನ ಕಾಲದ ಅವನಂಥವನೆ. 1944ರಲ್ಲಿ ಇಬ್ಬರೂ ಎದುರುಬದುರು ತಂಡಗಳಲ್ಲಿ ಆಡಿದ ಮನ್‌ಸ್ಟರ್ ಅಂತಿಮ ಪಂದ್ಯಕ್ಕೆ, ಯುದ್ಧಕಾಲದಲ್ಲಿ ಪೆಟ್ರೋಲ್ ಸಿಕ್ಕದೆ, ಸಾವಿರಾರು ಜನ ಸೈಕಲ್ ತುಳಿದುಕೊಂಡು ಬಂದಿದ್ದರು. ಅದರ ಮರುಪಂದ್ಯವನ್ನು ಕೊನೆಯಲ್ಲಿ ರಿಂಗನ ಗೋಲು ಮುಗಿಸಿತು. ಹದಿಮೂರು ವರ್ಷಗಳ ಮೇಲೆ, 1957ರ ಒಂದು ಪಂದ್ಯದಲ್ಲಿ, ಮ್ಯಾಕಿ ಬಿಳಿ ನಿಲುವಂಗಿ ತೊಟ್ಟು ಗೋಲಿನ ಬಳಿ ಅಂಪೈರಾಗಿ ನಿಂತಿದ್ದ. ರಿಂಗ್ ಕೈಗೆ ಪೆಟ್ಟಾಗಿ ಆಟ ಬಿಟ್ಟು ಹೊರಗೆ ನಡೆಯುತ್ತಿದ್ದ. ಹಾದುಹೋಗುವಾಗ ಮ್ಯಾಕಿಯತ್ತ ತಿರುಗಿದ. ಆ ಗಳಿಗೆಯಲ್ಲಿ ಜಸ್ಟಿನ್ ನೆಲ್ಸನ್ ಎಂಬವನು ಫೋಟೋ ತೆಗೆದ. ಇಬ್ಬರ ಮುಖದಲ್ಲಿಯೂ ನಗೆಯ ಗೆರೆ; ಏನೋ ಮಾತು ನಡೆದಿದೆ. ಆ ಚಿತ್ರ ಐರ್ಲೆಂಡಿನಲ್ಲಿ ಮನೆಮನೆಯ ಮಾತಾಯಿತು. ಏನೆಂದರು, ಏನೆಂದರು ಎಂದು ಕೇಳದವರಿಲ್ಲ. ರಿಂಗ್ 1979ರಲ್ಲಿ ತೀರಿಕೊಂಡ, ಮ್ಯಾಕಿ 1982ರಲ್ಲಿ. ಕೇಳಿದವರು ಇನ್ನೂ ಕೇಳುತ್ತಲೆ ಇದ್ದಾರೆ.